ದೂರದ ಕೈಗೆ ಮನೆಯ ಕೀಲಿ

ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ ಸಂಗ್ರಹಿಸಿಡುವ ಪದ್ಧತಿಯಿತ್ತು. ಹಗೇವು ಎಂದರೆ ನೆಲದಲ್ಲಿ ಆಳವಾಗಿ ತೋಡಿದ ಕಣಜ. ಅದರ ತಳಕ್ಕೂ ಸುತ್ತಲಿನ ಗೋಡೆಗೂ ಒಣಹುಲ್ಲನ್ನು ಹಾಸಿ, ಕಾಳನ್ನು ತುಂಬಿ, ಬಾಯಿಗೆ ಕಲ್ಲಿನ ಚಪ್ಪಡಿಯನ್ನು ಇಟ್ಟು, ಅದರ ಮೇಲೆ ಮಣ್ಣನ್ನು ಮುಚ್ಚುತ್ತಿದ್ದರು. ಹೀಗೆ ಮುಚ್ಚಿದ ಕಾಳು ಬಹುಕಾಲ ಹುಳುಹಿಡಿಯದೆ ಉಳಿಯುತ್ತಿತ್ತು. ಆದರೆ ಹಗೇವನ್ನು ತೆರೆಯುವಾಗ ರೈತರು ಬಹಳ ಎಚ್ಚರದಿಂದಿರುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ತೀರಿಸಿರುತ್ತದೆ. ಇಂಗಾಲದ ಡೈ ಆಕ್ಸೈಡ್ ಅಲ್ಲಿ ತುಂಬಿಕೊಂಡಿರುತ್ತದೆ. ಆದುದರಿಂದ ಬಾಯಿ ತೆರೆದೊಡನೆ ಇಳಿಯಬಾರದು. ಕೆಲವು ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಮನುಷ್ಯನು ಇಳಿಯಬೇಕು. ಬೇಕಾದಷ್ಟು ಕಾಳನ್ನು ತೆಗೆದ ಮೇಲೆ ಬಾಯನ್ನು ಮೊದಲಿನಂತೆ ಮುಚ್ಚಬೇಕು.

ಇಂದು ಹಗೇವುಗಳು ಬಹುಮಟ್ಟಿಗೆ ಮರೆಯಾಗಿವೆ. ಆದರೆ ಕಷ್ಟಪಟ್ಟು ಕೂಡಿಸಿದ್ದನ್ನು ಮನೆಯಲ್ಲಿ ಜೋಪಾನವಾಗಿ ಇಡಬೇಕೆಂಬ ಬಯಕೆ ಮರೆಯಾಗಿಲ್ಲ. ಕೂಡಿಸುವ ವಸ್ತು ಮಾತ್ರ ಬೇರೆಯಾಗಿದೆ. ಮಕ್ಕಳ ಛಾಯಾಚಿತ್ರಗಳು, ಮದುವೆಯ ಚಲನಚಿತ್ರಗಳು, ಹೊಲಮನೆಗಳ ದಾಖಲೆಪತ್ರಗಳ ಪ್ರತಿಗಳು, ಹಿರಿಯರ ಧ್ವನಿಮುದ್ರಣಗಳು – ಇವೆಲ್ಲವೂ ಈಗ ಅಂಕೆಗಳ ರೂಪದಲ್ಲಿ ಡಿಸ್ಕುಗಳ ಮೇಲೆ ಉಳಿಯುತ್ತವೆ. ಇವುಗಳಿಗಾಗಿ ಮನೆಯಲ್ಲಿ ಇಟ್ಟುಕೊಳ್ಳುವ ಒಂದು ಬಗೆಯ ಭಂಡಾರವೇ ನೆಟ್‌ವರ್ಕ್ ಸಂಗ್ರಹಯಂತ್ರ. ಅದರ ಬಾಯನ್ನು ದೂರದಿಂದ ತೆರೆಯುವ ವಿಧಾನವೊಂದಿದೆ. ಅದು ಏನು, ಅದನ್ನು ತೆರೆಯುವಾಗ ಯಾವ ದೀಪವನ್ನು ಮೊದಲು ಇಳಿಬಿಡಬೇಕು ಎಂಬುದೇ ಈ ಪಾಠದ ವಿಷಯ.

ಹುಬ್ಬಳ್ಳಿಯ ವಿದ್ಯಾನಗರವು ಹೆಸರಿಗೆ ತಕ್ಕಂತೆ ವಿದ್ಯಾಸಂಸ್ಥೆಗಳ ನೆಲೆ. 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇದೆ. 2015ರಲ್ಲಿ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಈ ಬಡಾವಣೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿ ಅಜ್ಜ, ತಂದೆ, ತಾಯಿ ಇದ್ದಾರೆ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಅಜ್ಜಿ ಈಗಿಲ್ಲ. ಆದರೆ ಆಕೆ ಹಾಡುತ್ತಿದ್ದ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಮೊಮ್ಮಗಳು ಹಿಂದೆ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದಳು. ಆ ಹಾಡುಗಳೂ ಮನೆಯ ಇತರ ಕಡತಗಳೂ ಪಡಸಾಲೆಯ ಮೂಲೆಯಲ್ಲಿರುವ ಒಂದು ಸಣ್ಣ ಪೆಟ್ಟಿಗೆಯಲ್ಲಿವೆ. ಆ ಪೆಟ್ಟಿಗೆಯೇ ಸಂಗ್ರಹಯಂತ್ರ.

ಹೊರನೋಟಕ್ಕೆ ಅದು ಎರಡು ಡಿಸ್ಕುಗಳನ್ನು ಹಿಡಿದಿಟ್ಟ ಡಬ್ಬಿಯಂತೆ ಕಂಡರೂ, ನಿಜದಲ್ಲಿ ಅದೊಂದು ಪೂರ್ಣ ಗಣಕಯಂತ್ರ. ಅದಕ್ಕೆ ತನ್ನದೇ ಆದ ಸಂಸ್ಕಾರಕವಿದೆ, ಸ್ಮೃತಿಯಿದೆ, ಸಾಮಾನ್ಯವಾಗಿ ಲಿನಕ್ಸ್ ಜಾತಿಯ ಕಾರ್ಯವ್ಯವಸ್ಥೆಯಿದೆ. ಇಲ್ಲದಿರುವುದು ಪರದೆ ಮತ್ತು ಕೀಲಿಮಣೆ ಮಾತ್ರ. ಒಂದು ತಂತಿಯಿಂದ ಅದನ್ನು ಮನೆಯ ರೂಟರಿಗೆ ಜೋಡಿಸಿದರೆ, ಮನೆಯವರೆಲ್ಲರೂ ತಮ್ಮ ತಮ್ಮ ಯಂತ್ರಗಳಿಂದ ಅದರಲ್ಲಿರುವುದನ್ನು ನೋಡಬಹುದು. ಪರದೆಯಿಲ್ಲದ ಇಂತಹ ಯಂತ್ರಕ್ಕೆ ಆಜ್ಞೆ ಮಾಡುವುದು ಹೇಗೆ? ಅದಕ್ಕೆ ಎರಡು ಬಾಗಿಲುಗಳಿವೆ. ಒಂದು, ಬ್ರೌಸರಿನಲ್ಲಿ ತೆರೆದುಕೊಳ್ಳುವ ನಿರ್ವಹಣಾ ಪುಟ. ಅಲ್ಲಿ ತಯಾರಕರು ಇರಿಸಿದ ಗುಂಡಿಗಳನ್ನು ಒತ್ತಿ ಕೆಲಸ ಮಾಡಿಸಬಹುದು. ಇನ್ನೊಂದು ಟರ್ಮಿನಲ್. ಇಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ಆಜ್ಞೆಯನ್ನು ಅಕ್ಷರಗಳಲ್ಲಿ ಬೆರಳಚ್ಚಿಸಬೇಕು, ಯಂತ್ರವು ಅಕ್ಷರಗಳಲ್ಲಿಯೇ ಉತ್ತರಿಸುತ್ತದೆ. ಸಾವಿರಾರು ಕಡತಗಳ ಹೆಸರನ್ನು ಒಮ್ಮೆಗೇ ಬದಲಿಸುವುದು, ಯಾವ ಡಿಸ್ಕು ಎಷ್ಟು ತುಂಬಿದೆ ಎಂದು ಅಳೆಯುವುದು, ಪ್ರತಿ ರಾತ್ರಿ ತಾನಾಗಿಯೇ ಪ್ರತಿ ತೆಗೆಯುವಂತೆ ಏರ್ಪಡಿಸುವುದು ಮುಂತಾದ ಕೆಲಸಗಳಿಗೆ ಈ ಎರಡನೆಯ ಬಾಗಿಲೇ ಅನುಕೂಲ.

ಟರ್ಮಿನಲ್ ಎಂಬ ಮಾತಿಗೆ ತುದಿ ಎಂದು ಅರ್ಥ. ಗಣಕಯಂತ್ರವು ಒಂದು ಇಡೀ ಕೋಣೆಯನ್ನು ಆಕ್ರಮಿಸುತ್ತಿದ್ದ ಕಾಲದಲ್ಲಿ, ಅದಕ್ಕೆ ಜೋಡಿಸಿದ ತಂತಿಯ ಇನ್ನೊಂದು ತುದಿಯಲ್ಲಿ ಟೆಲಿಪ್ರಿಂಟರಿನಂತಹ ಒಂದು ಬೆರಳಚ್ಚು ಯಂತ್ರವಿರುತ್ತಿತ್ತು. ಅದರ ಮುಂದೆ ಕುಳಿತವನು ಬೆರಳಚ್ಚಿಸಿದ್ದು ತಂತಿಯ ಮೂಲಕ ಗಣಕಕ್ಕೆ ಹೋಗುತ್ತಿತ್ತು. ಉತ್ತರವು ಕಾಗದದ ಮೇಲೆ ಮುದ್ರಿತವಾಗುತ್ತಿತ್ತು. ಕಾಲಕ್ರಮದಲ್ಲಿ ಕಾಗದ ಹೋಗಿ ಪರದೆ ಬಂದಿತು. ಆಮೇಲೆ ಆ ಯಂತ್ರವೂ ಹೋಗಿ, ಟರ್ಮಿನಲ್ ಎಂಬುದು ಈಗ ಪರದೆಯ ಮೇಲಿನ ಒಂದು ಕಿಟಕಿಯಾಗಿ ಉಳಿದಿದೆ.

ತಂತಿಯು ಊರಿನಿಂದ ಊರಿಗೆ ಚಾಚಿದಾಗ ದೂರದ ಟರ್ಮಿನಲ್ ಹುಟ್ಟಿತು. 1969ರ ಅಕ್ಟೋಬರ್ 29ರ ರಾತ್ರಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ವಿದ್ಯಾರ್ಥಿಯಾಗಿದ್ದ ಚಾರ್ಲಿ ಕ್ಲೈನ್, ಐನೂರು ಕಿಲೋಮೀಟರಿಗೂ ದೂರದಲ್ಲಿದ್ದ ಸ್ಟ್ಯಾನ್‌ಫೋರ್ಡ್ ಸಂಶೋಧನ ಸಂಸ್ಥೆಯ ಗಣಕವನ್ನು ಪ್ರವೇಶಿಸಲು 'ಲಾಗಿನ್' ಎಂಬ ಪದವನ್ನು ಬೆರಳಚ್ಚಿಸತೊಡಗಿದನು. ಇಂಗ್ಲಿಷಿನ ಎಲ್ ಅಕ್ಷರ ತಲುಪಿತು. ಒ ಅಕ್ಷರ ತಲುಪಿತು. ಅಷ್ಟರಲ್ಲಿ ದೂರದ ಯಂತ್ರವು ಕುಸಿದು ನಿಂತಿತು. ಸುಮಾರು ಒಂದು ಗಂಟೆಯ ಬಳಿಕ ಪ್ರಯತ್ನ ಸಫಲವಾಯಿತು. ಮುಂದೆ ಇಂಟರ್‌ನೆಟ್ ಆಗಿ ಬೆಳೆದ ಜಾಲದಲ್ಲಿ ಸಾಗಿದ ಮೊದಲ ಸಂದೇಶವು ಹೀಗೆ ದೂರದ ಬಾಗಿಲನ್ನು ತಟ್ಟುವ ಎರಡು ಅಕ್ಷರಗಳಾಗಿದ್ದವು.

ಕರ್ನಾಟಕದ ಇತ್ತೀಚಿನ ಇತಿಹಾಸದಲ್ಲಿಯೂ ಈ ವಿದ್ಯೆಗೆ ದೊಡ್ಡ ಸ್ಥಾನವಿದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ಸ್ಥಾಪಿಸಿ, ಉಪಗ್ರಹದ ಮೂಲಕ ತನ್ನ ಹೊರದೇಶದ ಕೇಂದ್ರಗಳೊಡನೆ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ಆ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಸಂಗತಿಯನ್ನು ಇಂದಿಗೂ ನೆನೆಯುತ್ತಾರೆ. ಇಲ್ಲಿ ಕುಳಿತು ಅಲ್ಲಿಗೆ ಕೆಲಸ ಮಾಡುವ ಪದ್ಧತಿಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆಯಿತು. ಆಗ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಾಧ್ಯವಾಗಿದ್ದುದು ಇಂದು ವಿದ್ಯಾನಗರದ ಒಂದು ಮನೆಗೂ ಸಾಧ್ಯವಾಗಿದೆ.

ಆದರೆ ಆರಂಭದ ವಿಧಾನಗಳಲ್ಲಿ ಒಂದು ದೊಡ್ಡ ಕೊರತೆಯಿತ್ತು. ಟೆಲ್‌ನೆಟ್ ಎಂಬ ಹಳೆಯ ವಿಧಾನದಲ್ಲಿ ಬೆರಳಚ್ಚಿಸಿದ ಪ್ರತಿಯೊಂದು ಅಕ್ಷರವೂ, ಪಾಸ್‌ವರ್ಡ್ ಕೂಡ, ಇದ್ದುದು ಇದ್ದಂತೆಯೇ ತಂತಿಯಲ್ಲಿ ಸಾಗುತ್ತಿತ್ತು. ಅದು ಅಂಚೆಕಾರ್ಡಿನ ಬರಹದಂತೆ. ಕೈಯಿಂದ ಕೈಗೆ ಹೋಗುವಾಗ ನಡುವಿನವರು ಯಾರು ಬೇಕಾದರೂ ಓದಬಹುದು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಆಯಿತು. ಯಾರೋ ಕಳ್ಳದಾರಿಯಲ್ಲಿ ಆ ಜಾಲವನ್ನು ಹೊಕ್ಕು, ಸಾಗಿಹೋಗುತ್ತಿದ್ದ ಪಾಸ್‌ವರ್ಡುಗಳನ್ನು ಗುಟ್ಟಾಗಿ ಸಂಗ್ರಹಿಸುತ್ತಿದ್ದರು. ಅಲ್ಲಿ ಸಂಶೋಧಕರಾಗಿದ್ದ ಟಾಟು ಯ್ಲೋನೆನ್ ಅವರು ಇದಕ್ಕೆ ಪರಿಹಾರವಾಗಿ, ಎಲ್ಲ ಮಾತನ್ನೂ ಗೂಢಲಿಪಿಯಲ್ಲಿ ಸಾಗಿಸುವ ಹೊಸ ವಿಧಾನವೊಂದನ್ನು ರಚಿಸಿ, ಅದೇ ವರ್ಷದ ಜುಲೈ ತಿಂಗಳಿನಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅದರ ಹೆಸರು ಸೆಕ್ಯೂರ್ ಶೆಲ್, ಸಂಕ್ಷೇಪವಾಗಿ ಎಸ್‌ಎಸ್‌ಎಚ್. ಮರುತಿಂಗಳು, ಅಂದರೆ 1995ರ ಆಗಸ್ಟ್ 15ರಂದು, ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಆರಂಭವಾಯಿತೆಂಬುದು ನೆನಪಿಡತಕ್ಕ ಸಂಗತಿ. 1999ರಲ್ಲಿ ಓಪನ್‌ಬಿಎಸ್‌ಡಿ ಎಂಬ ಯೋಜನೆಯವರು ಇದರ ಮುಕ್ತರೂಪವನ್ನು ಸಿದ್ಧಪಡಿಸಿದರು. ಇಂದು ಲೋಕದ ಬಹುಪಾಲು ಗಣಕಗಳಲ್ಲಿ ಬಳಕೆಯಲ್ಲಿರುವುದು ಆ ರೂಪವೇ.

ಯಾರೂ ಓದಲಾಗದ ಗೂಢಲಿಪಿಗೆ ಎರಡೂ ಕಡೆಯವರಿಗೆ ತಿಳಿದ ಒಂದು ಗುಟ್ಟು ಬೇಕಲ್ಲವೇ? ಹಿಂದೆಂದೂ ಪರಸ್ಪರ ಭೇಟಿಯಾಗದ ಎರಡು ಯಂತ್ರಗಳು, ಎಲ್ಲರೂ ಕೇಳಿಸಿಕೊಳ್ಳುತ್ತಿರುವಾಗಲೇ ಮಾತನಾಡಿ, ತಮ್ಮಿಬ್ಬರಿಗೆ ಮಾತ್ರ ತಿಳಿಯುವ ಗುಟ್ಟನ್ನು ಹೇಗೆ ಕಟ್ಟಿಕೊಳ್ಳುತ್ತವೆ? ಅಸಾಧ್ಯವೆಂದು ತೋರುವ ಈ ಸಮಸ್ಯೆಗೆ 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬ ವಿಜ್ಞಾನಿಗಳು ಒಂದು ಉತ್ತರವನ್ನು ಪ್ರಕಟಿಸಿದರು. ಅದನ್ನು ಘಾತ ಮತ್ತು ಶೇಷಗಳ ಗಣಿತದಿಂದಲೇ ತಿಳಿಯಬಹುದು.

ಮಗಳ ಗಣಕವೂ ಮನೆಯ ಪೆಟ್ಟಿಗೆಯೂ 7 ಮತ್ತು 23 ಎಂಬ ಎರಡು ಸಂಖ್ಯೆಗಳನ್ನು ಬಹಿರಂಗವಾಗಿ ಒಪ್ಪಿಕೊಂಡಿವೆ ಎಂದಿಟ್ಟುಕೊಳ್ಳೋಣ. ಮಗಳ ಗಣಕವು 3 ಎಂಬುದನ್ನು ಗುಟ್ಟಾಗಿ ಆರಿಸಿಕೊಳ್ಳುತ್ತದೆ. 7ರ ಮೂರನೆಯ ಘಾತ 343. ಅದನ್ನು 23ರಿಂದ ಭಾಗಿಸಿದರೆ ಶೇಷ 21. ಈ 21ನ್ನು ಅದು ಬಹಿರಂಗವಾಗಿ ಕಳುಹಿಸುತ್ತದೆ. ಪೆಟ್ಟಿಗೆಯು 4 ಎಂಬುದನ್ನು ಗುಟ್ಟಾಗಿ ಆರಿಸಿಕೊಳ್ಳುತ್ತದೆ. 7ರ ನಾಲ್ಕನೆಯ ಘಾತ 2401. 23ರಿಂದ ಭಾಗಿಸಿದರೆ ಶೇಷ 9. ಅದು 9ನ್ನು ಕಳುಹಿಸುತ್ತದೆ. ಈಗ ಮಗಳ ಗಣಕವು ತನಗೆ ಬಂದ 9ರ ಮೂರನೆಯ ಘಾತವನ್ನು, ಅಂದರೆ 729ನ್ನು, 23ರಿಂದ ಭಾಗಿಸುತ್ತದೆ, ಶೇಷ 16. ಪೆಟ್ಟಿಗೆಯು ತನಗೆ ಬಂದ 21ರ ನಾಲ್ಕನೆಯ ಘಾತವನ್ನು, ಅಂದರೆ 1,94,481ನ್ನು, 23ರಿಂದ ಭಾಗಿಸುತ್ತದೆ. ಶೇಷ ಮತ್ತೆ 16. ಎರಡಕ್ಕೂ ಒಂದೇ ಗುಟ್ಟು ದೊರೆಯಿತು. ಆದರೆ 16 ಎಂಬುದು ತಂತಿಯಲ್ಲಿ ಎಲ್ಲಿಯೂ ಸಾಗಲಿಲ್ಲ. ಇಷ್ಟು ಸಣ್ಣ ಸಂಖ್ಯೆಗಳಾದರೆ ಕದ್ದು ಕೇಳುವವನು ಒಂದೊಂದನ್ನೇ ಪರೀಕ್ಷಿಸಿ ಗುಟ್ಟನ್ನು ಕಂಡುಹಿಡಿದಾನು. ಆದರೆ ಈ ವಿಧಾನವನ್ನು ನಿಜವಾಗಿ ಬಳಸುವಾಗ ತೆಗೆದುಕೊಳ್ಳುವ ಸಂಖ್ಯೆಗಳಿಗೆ ನೂರಾರು ಅಂಕೆಗಳಿರುತ್ತವೆ. ಮುಂದಕ್ಕೆ ಲೆಕ್ಕಹಾಕುವುದು ಕ್ಷಣದ ಕೆಲಸ. ಶೇಷದಿಂದ ಘಾತವನ್ನು ಹಿಂದಕ್ಕೆ ಹುಡುಕುವುದು ಇಂದಿನ ಗಣಕಗಳಿಗೂ ಆಗದ ಕೆಲಸ.

ಗುಟ್ಟು ದೊರೆತ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಆ ಕಡೆಯಲ್ಲಿ ಮಾತನಾಡುತ್ತಿರುವುದು ನಿಜವಾಗಿಯೂ ತನ್ನ ಮನೆಯ ಪೆಟ್ಟಿಗೆಯೇ, ಅಥವಾ ನಡುವೆ ನಿಂತ ವಂಚಕನೇ ಎಂಬುದನ್ನು ಮಗಳು ತಿಳಿಯಬೇಕು. ಅದಕ್ಕಾಗಿ ಪ್ರತಿಯೊಂದು ಯಂತ್ರಕ್ಕೂ ಒಂದು ಗುರುತಿನ ಕೀಲಿಯಿರುತ್ತದೆ. ಅದರಿಂದ ಹುಟ್ಟುವ ಅಕ್ಷರಗಳ ಸಾಲನ್ನು ಬೆರಳಗುರುತು ಎನ್ನುತ್ತಾರೆ. ಮೊದಲ ಸಲ ಪ್ರವೇಶಿಸುವಾಗ ಟರ್ಮಿನಲ್ ಈ ಸಾಲನ್ನು ತೋರಿಸಿ, ಒಪ್ಪಿಗೆಯೇ ಎಂದು ಕೇಳುತ್ತದೆ. ಅನೇಕರು ಓದದೆಯೇ ಒಪ್ಪಿಬಿಡುತ್ತಾರೆ. ಓದಿ, ಸಾಲು ನಿಜವಾದುದೇ ಎಂದು ಖಚಿತಪಡಿಸಿಕೊಂಡು ಒಪ್ಪುವುದು ಸರಿಯಾದ ಕ್ರಮ. ಮುಂದೊಂದು ದಿನ ಗುರುತು ಬದಲಾಗಿದೆಯೆಂದು ಯಂತ್ರವು ಎಚ್ಚರಿಸಿದರೆ, ಕಾರಣ ತಿಳಿಯುವವರೆಗೆ ಮುಂದುವರಿಯಬಾರದು. ಹಗೇವಿನಲ್ಲಿ ದೀಪ ನಂದಿತೆಂದರೆ ಇಳಿಯಬಾರದಲ್ಲವೇ? ಇದೂ ಹಾಗೆಯೇ.

ಇನ್ನು ಪೆಟ್ಟಿಗೆಯೂ ತನ್ನೊಳಗೆ ಬರುವವರು ಯಾರೆಂದು ತಿಳಿಯಬೇಕು. ಪಾಸ್‌ವರ್ಡ್ ಒಂದು ಉಪಾಯ. ಆದರೆ ಅದನ್ನು ಊಹಿಸಬಹುದು, ಕದಿಯಬಹುದು. ಕೀಲಿಗಳ ಜೋಡಿ ಇದಕ್ಕಿಂತ ಉತ್ತಮವಾದ ಉಪಾಯ. ಮಗಳ ಗಣಕವು ಪರಸ್ಪರ ಸಂಬಂಧವುಳ್ಳ ಎರಡು ಕೀಲಿಗಳನ್ನು ಹುಟ್ಟಿಸುತ್ತದೆ. ಒಂದು ಬಹಿರಂಗ ಕೀಲಿ. ಅದನ್ನು ಯಾರಿಗೆ ಕೊಟ್ಟರೂ ಹಾನಿಯಿಲ್ಲ. ಇನ್ನೊಂದು ಖಾಸಗಿ ಕೀಲಿ. ಅದು ಆಕೆಯ ಗಣಕವನ್ನು ಬಿಟ್ಟು ಎಲ್ಲಿಗೂ ಹೋಗಬಾರದು. ಬಹಿರಂಗ ಕೀಲಿಯನ್ನು ಬೀಗವೆಂದೂ ಖಾಸಗಿ ಕೀಲಿಯನ್ನು ಅದರ ಕೈಯೆಂದೂ ಭಾವಿಸಬಹುದು. ಪೆಟ್ಟಿಗೆಯ ಬಾಗಿಲಿಗೆ ಆಕೆಯ ಬೀಗವನ್ನು ಹಾಕಿದರೆ, ಅದರ ಕೈಯಿರುವ ಗಣಕವೊಂದೇ ಒಳಗೆ ಬರಬಲ್ಲದು. ಆ ಕೈಯನ್ನು ಪೆಟ್ಟಿಗೆಗೆ ಕಳುಹಿಸಬೇಕಾಗಿಯೂ ಇಲ್ಲ. ಅದು ತನ್ನಲ್ಲಿದೆ ಎಂಬುದನ್ನು ಗಣಿತದ ಮೂಲಕ ತೋರಿಸಿಕೊಟ್ಟರೆ ಸಾಕು.

ಇಷ್ಟು ತಿಳಿದ ಮೇಲೆ ಬಾಗಿಲನ್ನು ತೆರೆಯುವ ಕ್ರಮ ಸುಲಭವಾಗಿ ಅರ್ಥವಾಗುತ್ತದೆ. ಸಾಮಾನ್ಯವಾಗಿ ಸಂಗ್ರಹಯಂತ್ರಗಳಲ್ಲಿ ಎಸ್‌ಎಸ್‌ಎಚ್ ಸೇವೆಯನ್ನು ತಯಾರಕರು ಮುಚ್ಚಿಯೇ ಕಳುಹಿಸಿರುತ್ತಾರೆ. ಮಗಳು ದೀಪಾವಳಿಯ ರಜೆಗೆ ಮನೆಗೆ ಬಂದಾಗ ಬ್ರೌಸರಿನಲ್ಲಿ ನಿರ್ವಹಣಾ ಪುಟವನ್ನು ತೆರೆದಳು. ಮೊದಲು ಯಂತ್ರದ ಕಾರ್ಯವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದಳು. ಏಕೆಂದರೆ ಹಳೆಯ ಆವೃತ್ತಿಯ ದೋಷಗಳು ಕಳ್ಳರಿಗೆ ತಿಳಿದಿರುತ್ತವೆ. ಬಳಿಕ ಟರ್ಮಿನಲ್ ಸೇವೆಗಳಿಗೆ ಸಂಬಂಧಿಸಿದ ಪುಟಕ್ಕೆ ಹೋದಳು. ಅಲ್ಲಿ ಟೆಲ್‌ನೆಟ್ ಎಂಬ ಆಯ್ಕೆಯೂ ಇತ್ತು, ಅದನ್ನು ಮುಟ್ಟಲಿಲ್ಲ. ಎಸ್‌ಎಸ್‌ಎಚ್ ಎಂಬುದರ ಮುಂದೆ ಗುರುತು ಹಾಕಿ ಉಳಿಸಿದಳು. ಪೋರ್ಟ್ ಎಂಬಲ್ಲಿ 22 ಎಂದಿತ್ತು.

ಪೋರ್ಟ್ ಎಂಬುದನ್ನು ಹುಬ್ಬಳ್ಳಿಯ ರೈಲುನಿಲ್ದಾಣದ ಉದಾಹರಣೆಯಿಂದ ತಿಳಿಯಬಹುದು. ಹುಬ್ಬಳ್ಳಿಗೆ ಬಾ ಎಂದರೆ ಸಾಲದು. ಯಾವ ಪ್ಲಾಟ್‌ಫಾರಂ ಎಂಬುದನ್ನೂ ಹೇಳಬೇಕು. ಯಂತ್ರದ ವಿಳಾಸವು ನಿಲ್ದಾಣವಾದರೆ ಪೋರ್ಟ್ ಅದರ ಪ್ಲಾಟ್‌ಫಾರಂ. ಅವು 0ಯಿಂದ 65,535ರವರೆಗೆ ಇವೆ. ಎಸ್‌ಎಸ್‌ಎಚ್‌ಗೆ 1995ರಲ್ಲಿಯೇ 22 ಎಂಬ ಸಂಖ್ಯೆ ನಿಗದಿಯಾಯಿತು. ಟೆಲ್‌ನೆಟ್‌ನ ಸಂಖ್ಯೆ 23.

ಸೇವೆ ತೆರೆದ ಮೇಲೆ ಆಕೆ ತನ್ನ ಗಣಕದ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಎಂಬ ಆಜ್ಞೆಯನ್ನೂ, ತನ್ನ ಬಳಕೆದಾರ ಹೆಸರನ್ನೂ, 'ಅಟ್' ಚಿಹ್ನೆಯನ್ನೂ, ಪೆಟ್ಟಿಗೆಯ ವಿಳಾಸವನ್ನೂ ಬೆರಳಚ್ಚಿಸಿದಳು. ಮನೆಯೊಳಗಿನ ವಿಳಾಸಗಳು ಬಹುಮಟ್ಟಿಗೆ 192.168 ಎಂದು ಆರಂಭವಾಗುತ್ತವೆ. ಬೆರಳಗುರುತಿನ ಪ್ರಶ್ನೆ ಬಂದಿತು. ಆಕೆ ಮತ್ತು ಪೆಟ್ಟಿಗೆ ಒಂದೇ ಮನೆಯೊಳಗೆ, ಒಂದೇ ರೂಟರಿನ ಅಡಿಯಲ್ಲಿದ್ದುದರಿಂದ ನಡುವೆ ಅನ್ಯರು ನಿಲ್ಲುವ ಸಂಭವ ಕಡಿಮೆ. ಮೊದಲ ಪರಿಚಯವನ್ನು ಮನೆಯೊಳಗೇ ಮಾಡಿಕೊಳ್ಳಬೇಕೆಂಬುದು ಇದಕ್ಕಾಗಿಯೇ. ಆಕೆ ಒಪ್ಪಿದಳು, ಪಾಸ್‌ವರ್ಡನ್ನು ಬೆರಳಚ್ಚಿಸಿದಳು. ಅದು ಪರದೆಯ ಮೇಲೆ ನಕ್ಷತ್ರದ ರೂಪದಲ್ಲಿಯೂ ಕಾಣಿಸಲಿಲ್ಲ. ಕೀಲಿಮಣೆ ಕೆಟ್ಟಿತೆಂದು ಹೊಸಬರು ಗಾಬರಿಯಾಗುವುದುಂಟು. ಅದು ದೋಷವಲ್ಲ, ಪಕ್ಕದವರಿಗೆ ಅಕ್ಷರಗಳ ಎಣಿಕೆಯೂ ತಿಳಿಯಬಾರದೆಂಬ ಏರ್ಪಾಡು. ಬಾಗಿಲು ತೆರೆಯಿತು. ಆಕೆ ತನ್ನ ಬಹಿರಂಗ ಕೀಲಿಯನ್ನು ಒಳಗೆ ಇರಿಸಿ, ಕೀಲಿಯಿಂದ ಪ್ರವೇಶ ಸಾಧ್ಯವಾಗುವುದನ್ನು ಪರೀಕ್ಷಿಸಿ ನೋಡಿ, ಅನಂತರವೇ ಪಾಸ್‌ವರ್ಡಿನ ಪ್ರವೇಶವನ್ನು ನಿಲ್ಲಿಸಿದಳು. ಈ ಕ್ರಮ ಹಿಂದುಮುಂದಾದರೆ ಮನೆಯವರೇ ಹೊರಗೆ ಉಳಿಯಬೇಕಾದೀತು.

ಇದನ್ನೆಲ್ಲ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಅಜ್ಜ ಕೇಳಿದರು: "ಕೀಲಿ ಊರಾಚೆ ಒಯ್ದ ಮ್ಯಾಲ ಮನಿ ನಮ್ಮದಽ ಉಳೀತದೇನವಾ ತಂಗಿ?"

"ಕೀಲಿ ನನ್ನ ಹಂತೇಕನಽ ಇರ್ತದ ಅಜ್ಜಾ. ಕಂಡೋರಿಗೆ ಬಾಗಿಲಾ ತಗದಿಡೂದಿಲ್ಲ" ಎಂದಳು ಮೊಮ್ಮಗಳು.

ಅಜ್ಜನ ಪ್ರಶ್ನೆ ಸಾಮಾನ್ಯವಾದುದಲ್ಲ. ಮನೆಯ ರೂಟರು ಒಂದು ಕೋಟೆಯ ಗೋಡೆಯಂತಿದೆ, 192.168 ಎಂದು ಆರಂಭವಾಗುವ ಒಳವಿಳಾಸಗಳು ಹೊರಗಿನವರಿಗೆ ಸಿಗುವುದಿಲ್ಲ. ಬೆಂಗಳೂರಿನಿಂದ ಪೆಟ್ಟಿಗೆಯನ್ನು ತಲುಪಬೇಕಾದರೆ ಈ ಗೋಡೆಯನ್ನು ದಾಟುವ ದಾರಿಯೊಂದು ಬೇಕು. ಹೊರಗಿನಿಂದ 22ನೆಯ ಪೋರ್ಟಿಗೆ ಬಂದವರನ್ನೆಲ್ಲ ಪೆಟ್ಟಿಗೆಯ ಕಡೆಗೆ ಕಳುಹಿಸು ಎಂದು ರೂಟರಿಗೆ ಹೇಳಿಬಿಡುವುದು ಸುಲಭದ ದಾರಿ. ಹಾಗೆ ಮಾಡಿದರೆ ಮಗಳಿಗೆ ತೆರೆದ ಬಾಗಿಲನ್ನು ಲೋಕದ ಎಲ್ಲರೂ ತಟ್ಟಬಹುದು. ತೆರೆದ ಪೋರ್ಟುಗಳನ್ನು ಹಗಲಿರುಳೂ ಹುಡುಕಿ, ಬಳಕೆಯಲ್ಲಿರುವ ಹೆಸರು ಮತ್ತು ಪಾಸ್‌ವರ್ಡುಗಳನ್ನು ಒಂದಾದ ಮೇಲೊಂದರಂತೆ ಹಾಕಿ ನೋಡುವ ಸ್ವಯಂಚಾಲಿತ ಕ್ರಮವಿಧಿಗಳು ಜಾಲದ ತುಂಬ ಸಂಚರಿಸುತ್ತಿವೆ.

2016ರ ಮಿರಾಯ್ ಪ್ರಕರಣ ಇದಕ್ಕೆ ನಿದರ್ಶನ. ಮಿರಾಯ್ ಎಂಬ ದುಷ್ಟ ಕ್ರಮವಿಧಿಯು ಟೆಲ್‌ನೆಟ್ ಬಾಗಿಲು ತೆರೆದಿದ್ದ ಕ್ಯಾಮೆರಾ, ರೂಟರ್ ಮುಂತಾದ ಮನೆಬಳಕೆಯ ಯಂತ್ರಗಳನ್ನು ಹುಡುಕಿ, ತಯಾರಕರು ಇಟ್ಟ ಸುಮಾರು 60 ಜೊತೆ ಹೆಸರು–ಪಾಸ್‌ವರ್ಡುಗಳನ್ನು ಪರೀಕ್ಷಿಸುತ್ತಿತ್ತು. ಕೊಂಡವರು ಅವುಗಳನ್ನು ಬದಲಿಸಿರಲಿಲ್ಲ. ಅಷ್ಟರಿಂದಲೇ ಅದು ಒಂದು ಹಂತದಲ್ಲಿ ಸುಮಾರು 6 ಲಕ್ಷ ಯಂತ್ರಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಇಂತಹ ಯಂತ್ರಗಳ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಪ್ರಸಿದ್ಧ ತಾಣಗಳು ಅಮೆರಿಕದ ಅನೇಕರಿಗೆ ಗಂಟೆಗಟ್ಟಲೆ ಸಿಗದಂತಾದವು. ತಮ್ಮ ಯಂತ್ರ ಇತರರ ಮೇಲೆ ಕಲ್ಲೆಸೆಯುತ್ತಿದೆ ಎಂಬುದು ಅವುಗಳ ಒಡೆಯರಿಗೆ ತಿಳಿದೇ ಇರಲಿಲ್ಲ. ಮಿರಾಯನ್ನು ರಚಿಸಿದ ಮೂವರು ಯುವಕರು 2017ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ನಮ್ಮ ದೇಶದಲ್ಲಿಯೂ ಅಪ್ರಾಮಾಣಿಕ ಉದ್ದೇಶದಿಂದ ಅನ್ಯರ ಗಣಕವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಪ್ರಕಾರ ಶಿಕ್ಷಾರ್ಹ ಅಪರಾಧ. ಕೀಲಿಯ ವಿದ್ಯೆಯನ್ನು ಕಲಿತವನು ತನ್ನ ಬಾಗಿಲನ್ನು ಕಾಯಲು ಅದನ್ನು ಬಳಸಬೇಕೇ ಹೊರತು ಅನ್ಯರ ಬಾಗಿಲನ್ನು ಮುಟ್ಟಲು ಅಲ್ಲ.

ಹಾಗಾದರೆ ಸುರಕ್ಷಿತವಾದ ದಾರಿ ಯಾವುದು? ವಿಪಿಎನ್ ಎಂಬ ವಿಧಾನದಿಂದ ಬೆಂಗಳೂರಿನ ಗಣಕಕ್ಕೂ ವಿದ್ಯಾನಗರದ ಮನೆಗೂ ನಡುವೆ ಗೂಢಲಿಪಿಯ ಒಂದು ಸುರಂಗವನ್ನು ನಿರ್ಮಿಸಬಹುದು. ಸುರಂಗದ ಬಾಯಲ್ಲಿಯೇ ಕೀಲಿಯ ಪರೀಕ್ಷೆ ನಡೆಯುತ್ತದೆ. ಒಳಬಂದವರಿಗೆ ತಾವು ಮನೆಯೊಳಗೇ ಇರುವಂತೆ ಪೆಟ್ಟಿಗೆ ಸಿಗುತ್ತದೆ. ಹೊರಗೆ ನಿಂತವರಿಗೆ 22ನೆಯ ಪೋರ್ಟು ಕಾಣಿಸುವುದೇ ಇಲ್ಲ. ಮಗಳು ಆರಿಸಿಕೊಂಡದ್ದು ಈ ದಾರಿಯನ್ನು.

ಅಪಾಯವು ಹೊರಗಿನಿಂದ ಮಾತ್ರ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಟರ್ಮಿನಲ್ ಬಹಳ ವಿಧೇಯವಾದ ಸೇವಕ; ಹೇಳಿದ್ದನ್ನು ತಕ್ಷಣ ಮಾಡುತ್ತದೆ. ಕಡತವನ್ನು ಅಳಿಸು ಎಂಬ ಆಜ್ಞೆ ಕೊಟ್ಟರೆ ಸಾಮಾನ್ಯವಾಗಿ ಮರುಪ್ರಶ್ನೆಯಿಲ್ಲದೆ ಅಳಿಸುತ್ತದೆ. ತೆಗೆದುದನ್ನು ಮರಳಿ ಪಡೆಯಲು ಅಲ್ಲಿ ಕಸದ ಬುಟ್ಟಿಯೂ ಇರುವುದಿಲ್ಲ. ರೂಟ್ ಎಂಬ ಸರ್ವಾಧಿಕಾರದ ಬಳಕೆದಾರನಾಗಿ ಪ್ರವೇಶಿಸಿದವನ ಒಂದು ತಪ್ಪು ಸಾಲು ಇಡೀ ಭಂಡಾರವನ್ನು ಬರಿದು ಮಾಡಬಲ್ಲದು. ಆದುದರಿಂದ ಸಾಧಾರಣ ಬಳಕೆದಾರನಾಗಿ ಪ್ರವೇಶಿಸಿ, ಅಗತ್ಯವಿದ್ದ ಒಂದು ಆಜ್ಞೆಗೆ ಮಾತ್ರ ಹೆಚ್ಚಿನ ಅಧಿಕಾರವನ್ನು ಪಡೆಯುವುದು ವಿವೇಕ. ಅರ್ಥವಾಗದ ಆಜ್ಞೆಯನ್ನು ಎಲ್ಲಿಂದಲೋ ನಕಲು ಮಾಡಿ ಅಂಟಿಸಬಾರದು.

ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿದ್ದು ಎರಡರಲ್ಲಿಯೂ ಒಂದೇ ಮಾಹಿತಿಯಿದ್ದರೆ ಭಯವೇನು ಎಂದು ಕೆಲವರು ಕೇಳಬಹುದು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಪಾಡುತ್ತದೆ, ನಿಜ. ಆದರೆ ಒಂದರಲ್ಲಿ ಅಳಿಸಿದ್ದು ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಅಳಿಯುತ್ತದೆ. ಸಿಡಿಲು, ಬೆಂಕಿ, ಕಳ್ಳತನಗಳಿಗೆ ಎರಡೂ ಒಟ್ಟಿಗೆ ತುತ್ತಾಗುತ್ತವೆ. ಆದುದರಿಂದ ಬೆಲೆಯುಳ್ಳ ಮಾಹಿತಿಯ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು ಎಂದು ತಿಳಿದವರು ಹೇಳುತ್ತಾರೆ.

ದೂರದ ಟರ್ಮಿನಲ್ ಈ ಮನೆಗೆ ಬೇಕಾದುದು ಮುಖ್ಯವಾಗಿ ಇದಕ್ಕಾಗಿಯೇ. ಬೆಂಗಳೂರಿಗೆ ಹಿಂದಿರುಗಿದ ಮಗಳು ಒಂದು ರಾತ್ರಿ ಸುರಂಗದ ಮೂಲಕ ಪೆಟ್ಟಿಗೆಯನ್ನು ಪ್ರವೇಶಿಸಿ, ಆರ್‌ಸಿಂಕ್ ಎಂಬ ಉಪಕರಣದಿಂದ ಅಜ್ಜಿಯ ಹಾಡುಗಳನ್ನೂ ದಾಖಲೆಪತ್ರಗಳನ್ನೂ ತನ್ನ ಕೋಣೆಯ ಡಿಸ್ಕಿಗೆ ತರಿಸಿಕೊಂಡಳು. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬವರು 1996ರಲ್ಲಿ ರಚಿಸಿದ ಈ ಉಪಕರಣವು ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡಬಲ್ಲದು. ಎರಡು ಕಡೆಯ ಕಡತಗಳನ್ನು ಹೋಲಿಸಿ, ಬದಲಾದ ಭಾಗವನ್ನಷ್ಟೇ ಸಾಗಿಸುವುದು ಅದರ ವೈಶಿಷ್ಟ್ಯ. ಮೊದಲ ಪ್ರತಿಗೆ ಇಡೀ ರಾತ್ರಿ ಹಿಡಿಯಿತು. ಮುಂದಿನ ವಾರಗಳಲ್ಲಿ ಕೆಲವು ನಿಮಿಷಗಳು ಸಾಕಾದವು.

ಮುಂದೊಂದು ದಿನ ಪೆಟ್ಟಿಗೆಯ ಹಸಿರು ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತು. ಒಂದು ಡಿಸ್ಕು ಸವೆದಿತ್ತು. ತಂದೆ ಫೋನು ಮಾಡಿದರು. ಮಗಳು ದೂರದಿಂದಲೇ ಪ್ರವೇಶಿಸಿ ಯಾವ ಡಿಸ್ಕು ಕೆಟ್ಟಿದೆಯೆಂದು ನೋಡಿ ತಿಳಿಸಿದಳು. ತಂದೆ ಹೊಸ ಡಿಸ್ಕನ್ನು ತಂದು ಹಾಕಿದರು. ಅದು ತುಂಬುವವರೆಗೂ ಮನೆಯವರಿಗೆ ಆತಂಕವಿರಲಿಲ್ಲ. ಏಕೆಂದರೆ ಹಾಡುಗಳು ಬೆಂಗಳೂರಿನಲ್ಲಿಯೂ ಇದ್ದವು. ಆ ಸಂಜೆ ಅಜ್ಜನ ಕೋರಿಕೆಯಂತೆ ಅಜ್ಜಿಯ ಒಂದು ಬೀಸುವ ಪದವನ್ನು ಹಚ್ಚಿದರು. ಹಾಡಿನ ಹಿಂದೆ ಬೀಸುಕಲ್ಲಿನ ಗರಗರ ಸದ್ದೂ ಮೊದಲಿನಂತೆಯೇ ಕೇಳಿಸಿತು.

ಕೀಲಿ ದೂರ ಹೋದ ಮೇಲೂ ಮನೆ ಅವರದಾಗಿಯೇ ಉಳಿಯಿತು. ಕೀಲಿ ಯಾರ ಕೈಯಲ್ಲಿದೆ, ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಎಂಬುದು ಮನೆಯವರಿಗೆ ತಿಳಿದಿದ್ದುದೇ ಅದಕ್ಕೆ ಕಾರಣ. ವಿದ್ಯಾಭ್ಯಾಸ ಮುಗಿದು ಮಗಳು ಊರಿಗೆ ಬಂದ ಮೇಲೆ, ದೂರದ ಪ್ರವೇಶ ಬೇಡವಾದಾಗ, ಆಕೆ ನಿರ್ವಹಣಾ ಪುಟವನ್ನು ತೆರೆದು ಎಸ್‌ಎಸ್‌ಎಚ್ ಎಂಬುದರ ಮುಂದಿನ ಗುರುತನ್ನು ತೆಗೆಯಬೇಕು. ಬಳಕೆಯಲ್ಲಿಲ್ಲದ ಕೀಲಿಗಳನ್ನು ಅಳಿಸಬೇಕು. ಕಾಳನ್ನು ತೆಗೆದುಕೊಂಡ ರೈತನು ಚಪ್ಪಡಿಯನ್ನು ಎಳೆದು, ಮಣ್ಣನ್ನು ಮುಚ್ಚಿ, ಅದನ್ನು ತುಳಿದು ಗಟ್ಟಿ ಮಾಡಿದ ಮೇಲೆಯೇ ಮನೆಗೆ ಹೋಗುತ್ತಿದ್ದನು.